ಬೇರೆಯವರ ಮಾತನ್ನು ಇಂಗ್ಲಿಷಿನಲ್ಲಿ ಬರೆಯಲು ಕಲಿತ ಬಗೆ

ಮುಲುಂಡಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ರಿಸೆಪ್ಷನ್ ಕೆಲಸ ಮಾಡುತ್ತೇನೆ. ಮನೆ ಡೊಂಬಿವಲಿಯಲ್ಲಿ, ಊರು ಕುಂದಾಪುರದ ಹತ್ತಿರ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಓದು ನಿಂತಿತ್ತು. ಈಗ ಹದಿನೇಳು ನಂಬರ್ ಫಾರ್ಮ್ ತುಂಬಿ ಹನ್ನೆರಡನೇ ತರಗತಿ ಪರೀಕ್ಷೆಗೆ ಕೂರುತ್ತಿದ್ದೇನೆ. ಕಾಲೇಜಿಗೆ ಹೋಗದೆ ಖಾಸಗಿಯಾಗಿ ಪರೀಕ್ಷೆ ಬರೆಯುವವರು ಮಹಾರಾಷ್ಟ್ರ ಬೋರ್ಡಿಗೆ ತುಂಬುವ ಫಾರ್ಮ್ ಅದು.

ಇಂಗ್ಲಿಷ್ ವ್ಯಾಕರಣದಲ್ಲಿ ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಮಾಡುವ, ಅಂದರೆ ಒಬ್ಬರು ಆಡಿದ ನೇರ ಮಾತನ್ನು ನಾವು ತಿರುಗಿ ಹೇಳುವ ರೂಪಕ್ಕೆ ಬದಲಿಸುವ ಪಾಠ ಇದೆಯಲ್ಲ, ನಾನು ಅದರ ಹಿಂದೆ ಬಿದ್ದದ್ದು ಅಂಕಕ್ಕಿಂತ ಜಾಸ್ತಿ ನಮ್ಮ ಮೇಜಿನ ಮೇಲಿನ ರಿಜಿಸ್ಟರಿಗಾಗಿ. ಒಂದು ಡ್ಯೂಟಿಯವರು ಮನೆಗೆ ಹೋಗುವಾಗ ಮುಂದಿನವರಿಗೆ ಬೇಕಾದ ವಿಷಯ ಅದರಲ್ಲಿ ಬರೆದಿಡಬೇಕು. ಡಾಕ್ಟರ್ ಫೋನಿನಲ್ಲಿ ಏನು ಹೇಳಿದರು, ಪೇಶಂಟಿನ ಮನೆಯವರು ಏನು ಕೇಳಿದರು, ಲ್ಯಾಬಿನವರು ಯಾವಾಗ ಬರುತ್ತೇವೆ ಅಂದರು, ಎಲ್ಲ. ನಮ್ಮಲ್ಲಿ ಕೇರಳದವರಿದ್ದಾರೆ, ಕೊಂಕಣದವರಿದ್ದಾರೆ, ಉತ್ತರ ಪ್ರದೇಶದವರಿದ್ದಾರೆ. ಹಾಗಾಗಿ ಬರವಣಿಗೆ ಇಂಗ್ಲಿಷಿನಲ್ಲಿ. ಯೋಚಿಸಿ ನೋಡಿದರೆ ಆ ರಿಜಿಸ್ಟರಿನಲ್ಲಿ ಇರುವುದೆಲ್ಲ ಬೇರೆಯವರ ಮಾತೇ.

ಒಂದು ರಾತ್ರಿ ಹನ್ನೆರಡೂವರೆ ಹೊತ್ತಿಗೆ ಪೇಶಂಟ್ ಒಬ್ಬರ ಮಗ ಪುಣೆಯಿಂದ ಫೋನ್ ಮಾಡಿದ್ದರು. ನಾಳೆ ಬೆಳಿಗ್ಗೆ ಬಂದು ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ ಅಂದಿದ್ದರು. ನೈಟ್ ಡ್ಯೂಟಿಯಲ್ಲಿದ್ದವರು ‘ಸನ್ ಟೋಲ್ಡ್ ಐ ವಿಲ್ ಟೇಕ್ ಫಾದರ್ ಟುಮಾರೋ ಮಾರ್ನಿಂಗ್’ ಎಂದು ಬರೆದಿಟ್ಟರು. ಗಂಟೆ ಹನ್ನೆರಡು ದಾಟಿದ್ದರಿಂದ ಪುಟದ ಮೇಲೆ ಆಗಲೇ ಹೊಸ ತಾರೀಕು ಬಿದ್ದಿತ್ತು. ಬೆಳಿಗ್ಗೆ ಓದಿದವರಿಗೆ ಟುಮಾರೋ ಅಂದರೆ ಮರುದಿನ. ಮಗ ಅದೇ ದಿನ ಗಾಡಿ ಮಾಡಿಕೊಂಡು ಬಂದು ನಿಂತಾಗ ಡಿಸ್ಚಾರ್ಜ್ ಕಾಗದ, ಬಿಲ್ ಯಾವುದೂ ತಯಾರಿರಲಿಲ್ಲ. ಆ ಮುದುಕರು ಬಟ್ಟೆ ಬದಲಿಸಿಕೊಂಡು ಮಧ್ಯಾಹ್ನದವರೆಗೆ ಮಂಚದ ಮೇಲೆ ಕೂತರು. ನನಗೆ ತುಂಬಾ ಬೇಜಾರಾಯಿತು. ಯಾರೂ ಸುಳ್ಳು ಬರೆದಿರಲಿಲ್ಲ. ಮಗನ ಬಾಯಿಂದ ಬಂದ ಶಬ್ದಗಳೇ ಅಲ್ಲಿದ್ದವು. ಆದರೂ ಅರ್ಥ ಬೇರೆ ಆಗಿಹೋಗಿತ್ತು.

ಡೊಂಬಿವಲಿಯಲ್ಲಿ ನಮ್ಮ ಕಡೆಯ ಒಬ್ಬರು ಟೀಚರ್ ಇದ್ದಾರೆ. ಮುಂಬಯಿ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಅಂಥ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಭಾನುವಾರ ಸಂಜೆ ಅವರ ಮನೆಯಲ್ಲಿ ನಾವು ಕೆಲವರು ಸೇರುತ್ತೇವೆ. ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುವ ಹೆಬ್ರಿಯ ಹುಡುಗನೊಬ್ಬ ಬರುತ್ತಾನೆ. ಪಕ್ಕದ ಬಿಲ್ಡಿಂಗಿನ ಹತ್ತನೇ ತರಗತಿ ಹುಡುಗಿ ಬರುತ್ತಾಳೆ.

ಪಾಠದ ಮೊದಲ ದಿನ ನಾನು ಗೈಡಿನಲ್ಲಿದ್ದ ದೊಡ್ಡ ಟೇಬಲ್ ತೆರೆದು ಇಟ್ಟಿದ್ದೆ. ಈಸ್ ಇದ್ದರೆ ವಾಸ್, ವಿಲ್ ಇದ್ದರೆ ವುಡ್, ಹಿಯರ್ ಇದ್ದರೆ ದೇರ್, ಹೀಗೆ ಎರಡು ಪುಟ. ಟೀಚರ್ ಪುಸ್ತಕ ಮುಚ್ಚಿದರು. “ಟೇಬಲ್ ಆಮೇಲೆ ನೋಡುವ ಮಾರಾಯ್ತಿ. ಮೊದಲು ಹೇಳು, ಈ ಮಾತು ಆಡಿದ್ದು ಯಾರು? ಯಾರ ಹತ್ತಿರ? ಯಾವಾಗ? ಎಲ್ಲಿ ನಿಂತು? ಈಗ ಅದನ್ನು ತಿರುಗಿ ಹೇಳುತ್ತಿರುವವಳು ಯಾರು, ಎಲ್ಲಿದ್ದಾಳೆ?” ಅಂದರು. ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಟೇಬಲ್ ತಾನಾಗೇ ಬರುತ್ತದೆ ಎಂಬುದು ಅವರ ಮಾತು. ಆಮೇಲಿನ ತಿಂಗಳುಗಳಲ್ಲಿ ಅದು ಎಷ್ಟು ನಿಜ ಅಂತ ನಾನೇ ಕಂಡೆ.

ನಮಗೆ ಈ ಪಾಠ ಯಾಕೆ ಕಷ್ಟ ಅಂತ ಅವರು ಮೊದಲು ತೋರಿಸಿದರು. ಕನ್ನಡದಲ್ಲಿ ನಾವು ‘ನಾಳೆ ಬರುತ್ತೇನೆ ಅಂತ ಡಾಕ್ಟರ್ ಹೇಳಿದರು’ ಅನ್ನುತ್ತೇವೆ. ಡಾಕ್ಟರ ಮಾತು ಮುಟ್ಟದೆ ಹಾಗೇ ಇದೆ. ಕೊನೆಗೆ ‘ಅಂತ’ ಸೇರಿತು ಅಷ್ಟೇ. ಹಿಂದಿಯವರು ‘ಡಾಕ್ಟರ್ ನೇ ಕಹಾ ಕಿ ಮೈಂ ಕಲ್ ಆವೂಂಗಾ’ ಅನ್ನುತ್ತಾರೆ. ಮರಾಠಿಯಲ್ಲೂ ‘ಡಾಕ್ಟರ್ ಮ್ಹಣಾಲೇ ಕೀ ಮೀ ಉದ್ಯಾ ಯೇತೋ’ ಅಂದರೆ ಆಯಿತು. ಮೂರು ಭಾಷೆಯಲ್ಲೂ ಬರುವವರು ಡಾಕ್ಟರೇ ಅಂತ ಕೇಳಿದವರಿಗೆ ಗೊತ್ತಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ದ ಡಾಕ್ಟರ್ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆದರೆ ಬರುವವಳು ನಾನು ಅಂತ ಆಗುತ್ತದೆ. ಯಾಕೆಂದರೆ ಆ ಭಾಷೆಯಲ್ಲಿ ‘ದಟ್’ ದಾಟಿದ ಮೇಲೆ ಮಾತಿನ ಯಜಮಾನಿಕೆ ಬರೆಯುವವರ ಕೈಗೆ ಬರುತ್ತದೆ. ಐ ಅಂದರೆ ಬರೆಯುವವಳು. ಟುಮಾರೋ ಅಂದರೆ ಬರೆಯುವವಳ ನಾಳೆ. ಹಿಯರ್ ಅಂದರೆ ಬರೆಯುವವಳು ಕೂತ ಜಾಗ.

ಅದಕ್ಕೇ ‘ಐ ವಿಲ್ ಕಮ್ ಟುಮಾರೋ’ ಅನ್ನುವುದು ‘ದ ಡಾಕ್ಟರ್ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ’ ಆಗುತ್ತದೆ. ಐ ಹೋಗಿ ಹಿ ಬಂತು, ವಿಲ್ ಹೋಗಿ ವುಡ್ ಬಂತು, ಟುಮಾರೋ ಹೋಗಿ ದ ನೆಕ್ಸ್ಟ್ ಡೇ ಬಂತು. ಉದ್ಧರಣ ಚಿಹ್ನೆ ಬಿದ್ದುಹೋಯಿತು, ದಟ್ ಸೇರಿತು. ಒಂದು ಸಣ್ಣ ವಾಕ್ಯದಲ್ಲಿ ಇಷ್ಟೆಲ್ಲ ಆಗುವುದರಿಂದಲೇ ಮಕ್ಕಳು ಹೆದರುತ್ತಾರೆ. ಒಂದೊಂದಾಗಿ ತೆಗೆದುಕೊಂಡರೆ ಹೆದರುವಂಥದ್ದು ಏನೂ ಇಲ್ಲ.

ಮೊದಲು ಯಾರು ಎಂಬುದನ್ನು ಹಿಡಿದೆವು. ಕೋಚಿಂಗ್ ಕ್ಲಾಸಿನಲ್ಲಿ ‘ಸನ್’ ಅಂತ ಒಂದು ಸೂತ್ರ ಹೇಳಿಕೊಡುತ್ತಾರೆ. ಎಸ್, ಓ, ಎನ್. ಐ, ವಿ ಇದ್ದರೆ ಹೇಳಿದವರನ್ನು, ಅಂದರೆ ಸಬ್ಜೆಕ್ಟನ್ನು ನೋಡು. ಯು ಇದ್ದರೆ ಕೇಳಿಸಿಕೊಂಡವರನ್ನು, ಅಂದರೆ ಆಬ್ಜೆಕ್ಟನ್ನು ನೋಡು. ಹಿ, ಶಿ, ದೇ ಇದ್ದರೆ ನೋ ಚೇಂಜ್. ಒಳ್ಳೆಯ ಸೂತ್ರವೇ. ‘ದ ಸಿಸ್ಟರ್ ಸೆಡ್ ಟು ಮಿ, ಐ ವಿಲ್ ಕಾಲ್ ಯು’ ಎಂಬುದು ‘ದ ಸಿಸ್ಟರ್ ಟೋಲ್ಡ್ ಮಿ ದಟ್ ಶಿ ವುಡ್ ಕಾಲ್ ಮಿ’ ಅಂತ ಕಣ್ಣು ಮುಚ್ಚಿ ಆಗುತ್ತದೆ.

ಆದರೆ ವಿ ಬಂದಲ್ಲಿ ಸೂತ್ರ ಸಾಕಾಗುವುದಿಲ್ಲ. ಪೇಶಂಟಿನ ಮಗಳು ಫೋನಿನಲ್ಲಿ ‘ವಿ ಆರ್ ಕಮಿಂಗ್’ ಅಂದರೆ ನಾನು ‘ದೇ ವರ್ ಕಮಿಂಗ್’ ಎಂದು ಬರೆಯಬೇಕು. ನಮ್ಮ ಮ್ಯಾನೇಜರ್ ‘ವಿ ಆರ್ ಶಾರ್ಟ್ ಆಫ್ ಬೆಡ್ಸ್’ ಅಂದರೆ ಆ ವಿ ಒಳಗೆ ನಾನೂ ಇದ್ದೇನೆ. ಹಾಗಾಗಿ ‘ದ ಮ್ಯಾನೇಜರ್ ಸೆಡ್ ದಟ್ ವಿ ವರ್ ಶಾರ್ಟ್ ಆಫ್ ಬೆಡ್ಸ್’ ಅಂತಲೇ ಉಳಿಯಬೇಕು. ಸೂತ್ರಕ್ಕೆ ನಾನು ಯಾರು ಅಂತ ಗೊತ್ತಿಲ್ಲ. ನನಗೆ ಗೊತ್ತಿದೆ, ಅಲ್ವಾ?

ಹಿ ಎಂಬುದರ ಬಗ್ಗೆ ನಾನು ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕು. ‘ದ ಡಾಕ್ಟರ್ ಟೋಲ್ಡ್ ದ ಪೇಶಂಟ್ಸ್ ಬ್ರದರ್ ದಟ್ ಹಿ ನೀಡೆಡ್ ರೆಸ್ಟ್’ ಅಂತ ಬರೆದರೆ ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ಪರೀಕ್ಷೆಯಲ್ಲಿ ಪೂರ್ತಿ ಅಂಕ. ಆದರೆ ರೆಸ್ಟ್ ಯಾರಿಗೆ ಬೇಕು? ಡಾಕ್ಟರಿಗೋ, ಪೇಶಂಟಿಗೋ, ಅಣ್ಣನಿಗೋ? ಕನ್ನಡದಲ್ಲಿ ಈ ತೊಂದರೆ ಇಲ್ಲ. ‘ತನಗೆ ವಿಶ್ರಾಂತಿ ಬೇಕು’ ಅಂದರೆ ಡಾಕ್ಟರು, ‘ನಿಮಗೆ ಬೇಕು’ ಅಂದರೆ ಅಣ್ಣ, ‘ಅವರಿಗೆ ಬೇಕು’ ಅಂದರೆ ಪೇಶಂಟ್. ಇಂಗ್ಲಿಷಿನಲ್ಲಿ ಮೂವರೂ ಹಿ ಒಳಗೆ ಸೇರಿಹೋಗುತ್ತಾರೆ. ಇದನ್ನು ಟೀಚರ ಹತ್ತಿರ ಕೇಳಿದೆ. “ಅಂಥ ಕಡೆ ಹಿ ಬಿಟ್ಟು ಹೆಸರೇ ಬರೆ. ವ್ಯಾಕರಣ ಬೇಡ ಅನ್ನುವುದಿಲ್ಲ” ಅಂದರು. ಅಂದಿನಿಂದ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಒಂದೇ ವಾಕ್ಯದಲ್ಲಿ ಬಂದರೆ ನಾನು ‘ದ ಪೇಶಂಟ್’, ‘ದ ಬ್ರದರ್’ ಅಂತ ಬಿಡಿಸಿ ಬರೆಯುತ್ತೇನೆ. ವಾಕ್ಯ ಸ್ವಲ್ಪ ಉದ್ದವಾಗುತ್ತದೆ. ಆಗಲಿ.

ಕ್ರಿಯಾಪದದ ವಿಷಯಕ್ಕೆ ಬಂದಾಗ ಟೀಚರ್ ಒಂದೇ ಮಾತು ಹೇಳಿದರು. ಸೆಡ್, ಟೋಲ್ಡ್, ಆಸ್ಕ್ಡ್ ಹೀಗೆ ಹೇಳಿದ್ದು ಹಿಂದೆ ಆಗಿದ್ದರೆ, ಒಳಗಿನ ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಇಡುತ್ತದೆ. ಈಸ್ ವಾಸ್ ಆಗುತ್ತದೆ, ಹ್ಯಾವ್ ಹ್ಯಾಡ್ ಆಗುತ್ತದೆ, ಕ್ಯಾನ್ ಕುಡ್ ಆಗುತ್ತದೆ, ಮೇ ಮೈಟ್ ಆಗುತ್ತದೆ. ಟುಕ್ ಇದ್ದದ್ದು ಹ್ಯಾಡ್ ಟೇಕನ್ ಆಗುತ್ತದೆ. ಹ್ಯಾಡ್ ಟೇಕನ್ ಇದ್ದರೆ ಅದಕ್ಕಿಂತ ಹಿಂದೆ ಹೋಗಲು ಜಾಗ ಇಲ್ಲ, ಅಲ್ಲೇ ಇರುತ್ತದೆ. ವುಡ್, ಕುಡ್, ಶುಡ್, ಮೈಟ್ ಕೂಡ ಅಲುಗುವುದಿಲ್ಲ.

ಟುಕ್ ಯಾಕೆ ಹ್ಯಾಡ್ ಟೇಕನ್ ಆಗಬೇಕು ಅಂತ ನನಗೆ ತಲೆಗೆ ಹತ್ತಿದ್ದು ವಾರ್ಡಿನಲ್ಲಿ. ‘ದ ಪೇಶಂಟ್ ಸೆಡ್ ದಟ್ ಶಿ ಹ್ಯಾಡ್ ಟೇಕನ್ ದ ಟ್ಯಾಬ್ಲೆಟ್’ ಅಂದರೆ ಅವರು ಹೇಳುವುದಕ್ಕಿಂತ ಮೊದಲೇ ಮಾತ್ರೆ ಹೊಟ್ಟೆಯಲ್ಲಿತ್ತು. ಮಾತ್ರೆ ಮೊದಲು, ಮಾತು ಆಮೇಲೆ. ಎರಡರ ಕ್ರಮ ಆ ಹ್ಯಾಡ್ ಒಳಗೆ ಕೂತಿದೆ. ಓದುವ ಸಿಸ್ಟರಿಗೆ ಇದು ಬೇಕಾದ ಮಾಹಿತಿ. ಇಷ್ಟು ದಿನ ಬರಿ ರೂಲ್ ಅಂತ ಕಂಡದ್ದು ಆಗ ಉಪಯೋಗದ ವಸ್ತುವಾಗಿ ಕಂಡಿತು. ಯಾವುದು ಮೊದಲು ಅಂತ ಬೇರೆ ರೀತಿಯಲ್ಲಿ ಸ್ಪಷ್ಟವಾಗಿದ್ದರೆ ಇಂಗ್ಲಿಷಿನವರು ಟುಕ್ ಅಂತಲೇ ಬಿಡುವುದೂ ಉಂಟು. ಪರೀಕ್ಷೆಯಲ್ಲಿ ಮಾತ್ರ ಹ್ಯಾಡ್ ಹಾಕಿಬಿಡುವುದು ಒಳ್ಳೆಯದು.

ಹೆಜ್ಜೆ ಹಿಂದೆ ಇಡದ ಸಂದರ್ಭಗಳೂ ಇವೆ. ನಾನು ಫೋನ್ ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಸಿಸ್ಟರಿಗೆ ಹೇಳುತ್ತಿರುತ್ತೇನೆ. ಆಗ ‘ದ ಡಾಕ್ಟರ್ ಸೇಸ್ ದಟ್ ಹಿ ಈಸ್ ಕಮಿಂಗ್’ ಅಂದರೆ ಸಾಕು. ಹೇಳುವುದು ಈಗಲೇ ನಡೆಯುತ್ತಿದೆ, ಹಾಗಾಗಿ ಈಸ್ ಇದ್ದ ಹಾಗೇ ಇರುತ್ತದೆ. ಐ ಮಾತ್ರ ಹಿ ಆಗುತ್ತದೆ. ಇನ್ನು ಯಾವತ್ತೂ ನಿಜವಾಗಿರುವ ಮಾತು. ಡಾಕ್ಟರ್ ಯಾರಿಗೋ ‘ಸ್ಮೋಕಿಂಗ್ ಡ್ಯಾಮೇಜಸ್ ದ ಲಂಗ್ಸ್’ ಅಂದಿದ್ದರೆ ‘ದ ಡಾಕ್ಟರ್ ಸೆಡ್ ದಟ್ ಸ್ಮೋಕಿಂಗ್ ಡ್ಯಾಮೇಜಸ್ ದ ಲಂಗ್ಸ್’ ಎಂದೇ ಇಡಬಹುದು. ನಿನ್ನೆ ಹೇಳಿದ್ದಕ್ಕೆ ಇವತ್ತು ಅದು ಸುಳ್ಳಾಗುವುದಿಲ್ಲ. ಶಾಲೆಯಲ್ಲಿ ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಉದಾಹರಣೆ ಕೊಡುತ್ತಾರಲ್ಲ, ಅದೇ ಇದು.

ಮಸ್ಟ್ ಎಂಬುದು ಎರಡು ತರಹ. ‘ಯು ಮಸ್ಟ್ ಸೈನ್ ಹಿಯರ್’ ಅಂದರೆ ಸಹಿ ಹಾಕಲೇಬೇಕು. ಅದನ್ನು ‘ಹಿ ಹ್ಯಾಡ್ ಟು ಸೈನ್ ದೇರ್’ ಎಂದು ಬದಲಿಸುತ್ತಾರೆ. ‘ದ ರಿಪೋರ್ಟ್ಸ್ ಮಸ್ಟ್ ಬಿ ಅಟ್ ಹೋಮ್’ ಅಂದರೆ ಮನೆಯಲ್ಲೇ ಇರಬೇಕು ಎಂಬ ಊಹೆ. ಅಲ್ಲಿ ಮಸ್ಟ್ ಮಸ್ಟ್ ಆಗಿಯೇ ಉಳಿಯುತ್ತದೆ.

ಪ್ರಶ್ನೆಗಳನ್ನು ನಾನು ಕಲಿತದ್ದು ಲೋಕಲ್ ಟ್ರೈನಿನಲ್ಲಿ. ಲೇಡೀಸ್ ಡಬ್ಬದಲ್ಲಿ ಸೀಟು ಸಿಕ್ಕವರನ್ನು ನಿಂತವರು ಕೇಳುವ ಮೊದಲ ಪ್ರಶ್ನೆ ‘ಕಹಾಂ ಉತರೋಗೆ?’ ಎಲ್ಲಿ ಇಳಿಯುತ್ತೀರಿ ಅಂತ ತಿಳಿದರೆ ಆ ಸೀಟಿಗೆ ಮೊದಲೇ ಮಾತು ಹಾಕಿಡಬಹುದು. ನಾನು ಅದನ್ನು ಮನಸ್ಸಿನಲ್ಲೇ ಮೊದಲು ಇಂಗ್ಲಿಷಿನ ನೇರ ಮಾತು ಮಾಡುತ್ತಿದ್ದೆ. ‘ವೇರ್ ವಿಲ್ ಯು ಗೆಟ್ ಡೌನ್?’ ಆಮೇಲೆ ಬದಲಿಸುತ್ತಿದ್ದೆ. ‘ಶಿ ಆಸ್ಕ್ಡ್ ಮಿ ವೇರ್ ಐ ವುಡ್ ಗೆಟ್ ಡೌನ್.’ ಗಮನಿಸಿ, ವಿಲ್ ಯು ಎಂಬ ಕ್ರಮ ತಿರುಗಿ ಐ ವುಡ್ ಆಯಿತು. ಪ್ರಶ್ನಾರ್ಥಕ ಚಿಹ್ನೆ ಹೋಗಿ ಪೂರ್ಣವಿರಾಮ ಬಂತು. ಯಾಕೆಂದರೆ ಈಗ ನಾನು ಯಾರನ್ನೂ ಏನೂ ಕೇಳುತ್ತಿಲ್ಲ. ಒಬ್ಬರು ಕೇಳಿದರು ಅಂತ ಹೇಳುತ್ತಿದ್ದೇನೆ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ‘ಆಸ್ಕ್ಡ್ ಮಿ ವೇರ್ ವುಡ್ ಐ’ ಎಂದು ಕೈ ಓಡುವುದು ನಿಲ್ಲುತ್ತದೆ.

ಹೌದು, ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ಇಫ್ ಅಥವಾ ವೆದರ್ ಬೇಕು. ‘ಡಸ್ ದಿಸ್ ಟ್ರೈನ್ ಸ್ಟಾಪ್ ಅಟ್ ಮುಲುಂಡ್?’ ಎಂಬುದು ‘ಶಿ ಆಸ್ಕ್ಡ್ ಇಫ್ ದಟ್ ಟ್ರೈನ್ ಸ್ಟಾಪ್ಡ್ ಅಟ್ ಮುಲುಂಡ್’ ಆಗುತ್ತದೆ. ಡಸ್ ಕಾಣೆಯಾಗಿ, ಅದರ ಕೆಲಸ ಸ್ಟಾಪ್ಡ್ ಒಳಗೆ ಸೇರಿಕೊಂಡಿತು. ಇಫ್ ಇದ್ದಲ್ಲಿ ದಟ್ ಎಂಬ ಜೋಡಣೆಯ ಶಬ್ದ ಇರುವುದಿಲ್ಲ. ಮೇಲಿನ ವಾಕ್ಯದಲ್ಲಿ ಬಂದ ದಟ್ ಬೇರೆ. ಅದು ‘ಈ ಟ್ರೈನ್’ ಹೋಗಿ ‘ಆ ಟ್ರೈನ್’ ಆದದ್ದು. ಅದೇ ಟ್ರೈನಿನಲ್ಲಿ ಕೂತೇ ಪಕ್ಕದವರಿಗೆ ಹೇಳುವುದಾದರೆ ದಿಸ್ ಟ್ರೈನ್ ಅಂತಲೇ ಇರಲಿ. ಅನೌನ್ಸ್‌ಮೆಂಟನ್ನೂ ನಾನು ಬಿಡುತ್ತಿರಲಿಲ್ಲ. ‘ನೆಕ್ಸ್ಟ್ ಸ್ಟೇಷನ್, ಠಾಣೆ’ ಅನ್ನುವುದರಲ್ಲಿ ಕ್ರಿಯಾಪದವೇ ಇಲ್ಲ. ‘ದ ಅನೌನ್ಸ್‌ಮೆಂಟ್ ಸೆಡ್ ದಟ್ ದ ನೆಕ್ಸ್ಟ್ ಸ್ಟೇಷನ್ ವಾಸ್ ಠಾಣೆ’ ಎಂದು ಮಾಡುವಾಗ ಅಡಗಿದ್ದ ಈಸ್ ಅನ್ನು ಹೊರಗೆ ತೆಗೆದು ವಾಸ್ ಮಾಡಬೇಕು. ಡೊಂಬಿವಲಿಯಿಂದ ಮುಲುಂಡಿನವರೆಗೆ ಹೀಗೆ ಅಭ್ಯಾಸ ಮಾಡಲು ಬೇಕಾದಷ್ಟು ಮಾತು ಸಿಗುತ್ತದೆ. ಹಿಂದಿ, ಮರಾಠಿ, ಗುಜರಾತಿ, ತುಳು, ಯಾವ ಭಾಷೆಯಲ್ಲಿದ್ದರೂ ಸರಿ. ಬೇರೆ ಭಾಷೆಯ ಮಾತನ್ನು ಮೊದಲು ಇಂಗ್ಲಿಷಿನ ನೇರ ಮಾತು ಮಾಡಿ, ಆಮೇಲೆ ಪರೋಕ್ಷ ಮಾಡಬೇಕು. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಮಧ್ಯದಲ್ಲಿ ‘ಅಂತ’ದ ಅಭ್ಯಾಸ ನುಗ್ಗಿಬರುತ್ತದೆ.

ಅಪ್ಪಣೆ, ಸಲಹೆ, ವಿನಂತಿ ಇವೆಲ್ಲ ನಮ್ಮ ಕೆಲಸದಲ್ಲಿ ದಿನವಿಡೀ ಇರುತ್ತವೆ. ಇವು ನಿಜಕ್ಕೂ ಸುಲಭ. ಒಂದು ಟು ಸಾಕು, ಬೇಡ ಅನ್ನುವುದಾದರೆ ನಾಟ್ ಟು. ‘ಡೋಂಟ್ ಈಟ್ ಎನಿಥಿಂಗ್ ಆಫ್ಟರ್ ಟೆನ್’ ಎಂಬುದು ‘ದ ಡಾಕ್ಟರ್ ಟೋಲ್ಡ್ ದ ಪೇಶಂಟ್ ನಾಟ್ ಟು ಈಟ್ ಎನಿಥಿಂಗ್ ಆಫ್ಟರ್ ಟೆನ್’ ಆಗುತ್ತದೆ. ಇಲ್ಲಿ ಹೆಚ್ಚು ಯೋಚಿಸಬೇಕಾದದ್ದು ಹೊರಗಿನ ಕ್ರಿಯಾಪದದ ಬಗ್ಗೆ. ಟೋಲ್ಡ್, ಆಸ್ಕ್ಡ್, ರಿಕ್ವೆಸ್ಟೆಡ್, ಅಡ್ವೈಸ್ಡ್, ಆರ್ಡರ್ಡ್, ವಾರ್ನ್ಡ್, ಇವು ಒಂದೇ ಅಲ್ಲ. ಡಾಕ್ಟರ್ ಪೇಶಂಟಿಗೆ ದಿನಾ ನಡೆಯಿರಿ ಅಂದರೆ ಅಡ್ವೈಸ್ಡ್. ಆಪರೇಷನ್ನಿಗೆ ಮೊದಲು ಏನೂ ತಿನ್ನಬೇಡಿ ಅಂದರೆ ಅದು ಸಲಹೆ ಅಲ್ಲ, ಟೋಲ್ಡ್ ಅಥವಾ ಇನ್‌ಸ್ಟ್ರಕ್ಟೆಡ್. ಈ ಎರಡನ್ನು ಅದಲುಬದಲು ಮಾಡಿದರೆ ಓದಿದವರು ಮಾತಿನ ತೂಕವನ್ನು ಬೇರೆ ರೀತಿ ತಿಳಿಯುತ್ತಾರೆ. ‘ಲೆಟ್ಸ್ ಹ್ಯಾವ್ ಟೀ’ ತರಹದ ಮಾತಿಗೆ ‘ಶಿ ಸಜೆಸ್ಟೆಡ್ ಹ್ಯಾವಿಂಗ್ ಟೀ’ ಅಥವಾ ‘ಸಜೆಸ್ಟೆಡ್ ದಟ್ ದೇ ಶುಡ್ ಹ್ಯಾವ್ ಟೀ’. ಅಷ್ಟೇ.

ಸೇ ಮತ್ತು ಟೆಲ್ ಬಗ್ಗೆ ಒಂದು ಮಾತು. ನಮಗೆ ಎರಡೂ ಹೇಳುವುದೇ. ಇಂಗ್ಲಿಷಿನಲ್ಲಿ ಟೋಲ್ಡ್ ಬಂದರೆ ಯಾರಿಗೆ ಅಂತ ತಕ್ಷಣ ಬರಬೇಕು, ‘ಟೋಲ್ಡ್ ಮಿ’, ‘ಟೋಲ್ಡ್ ದ ಸಿಸ್ಟರ್’. ಸೆಡ್ ಒಂಟಿಯಾಗಿ ನಿಲ್ಲುತ್ತದೆ, ಇಲ್ಲವೇ ಟು ಕೇಳುತ್ತದೆ. ‘ಸೆಡ್ ಮಿ’ ಎಂಬುದು ಇಲ್ಲ. ‘ಸೆಡ್ ಟು ಮಿ’ ಇದ್ದರೆ ಬದಲಿಸುವಾಗ ‘ಟೋಲ್ಡ್ ಮಿ’ ಮಾಡುತ್ತೇವೆ.

ಹಿಗ್ಗು, ದುಃಖ, ಆಶ್ಚರ್ಯದ ಮಾತುಗಳನ್ನು ಬದಲಿಸುವ ಪಾಠದಲ್ಲಿ ನನಗೆ ಒಂದು ತಕರಾರು ಇದೆ. ‘ಥ್ಯಾಂಕ್ ಗಾಡ್! ಮೈ ಮದರ್ ಈಸ್ ಸೇಫ್’ ಎಂಬುದನ್ನು ‘ದ ಡಾಟರ್ ಎಕ್ಸ್‌ಕ್ಲೇಮ್ಡ್ ವಿತ್ ರಿಲೀಫ್ ದಟ್ ಹರ್ ಮದರ್ ವಾಸ್ ಸೇಫ್’ ಎಂದು ಬರೆಯಬೇಕು. ಪರೀಕ್ಷೆಗೆ ಇದು ಸರಿ, ನಾನೂ ಹಾಗೇ ಬರೆಯುತ್ತೇನೆ. ಆದರೆ ವಿತ್ ರಿಲೀಫ್ ಎಂಬುದು ಮಗಳ ಮಾತಲ್ಲ, ಕೇಳಿದವರ ತೀರ್ಮಾನ. ಕಥೆಯಲ್ಲಿ ಆ ತೀರ್ಮಾನ ಚಂದ. ರಿಜಿಸ್ಟರಿನಲ್ಲಿ ಅಪಾಯ. ‘ವೈ ಈಸ್ ದ ಬಿಲ್ ಸೋ ಹೈ?’ ಅಂತ ಒಬ್ಬರು ಕೇಳಿದರೆ ‘ದ ರಿಲೇಟಿವ್ ಆಸ್ಕ್ಡ್ ವೈ ದ ಬಿಲ್ ವಾಸ್ ಸೋ ಹೈ’ ಎಂದಿಷ್ಟೇ ಬರೆಯಬೇಕು. ಮುಂದೆ ಆಂಗ್ರಿಲಿ ಎಂದು ಸೇರಿಸಿದರೆ ಮುಂದಿನ ಡ್ಯೂಟಿಯವರು ಆ ಮನುಷ್ಯರನ್ನು ನೋಡುವ ಮೊದಲೇ ಜಗಳಗಂಟರು ಅಂತ ತಿಳಿಯುತ್ತಾರೆ. ಚಿಂತೆಯಲ್ಲಿರುವವರ ದನಿ ಎಷ್ಟೋ ಸಲ ಸಿಟ್ಟಿನ ದನಿಯ ಹಾಗೇ ಕೇಳುತ್ತದೆ. ಅವರಿಗೆ ಹಾಗೆ ಅನ್ಯಾಯ ಆಗಬಾರದು.

ಬದಲಿಸಲೇಬಾರದ ಮಾತುಗಳೂ ಇವೆ ಅಂತ ಹೇಳಿಕೊಟ್ಟವರು ವಾರ್ಡಿನ ಹಿರಿಯ ಸಿಸ್ಟರ್. ಪೇಶಂಟ್ ತನ್ನ ನೋವನ್ನು ಹೇಗೆ ಹೇಳುತ್ತಾರೋ ಹಾಗೇ, ಅವರ ಶಬ್ದದಲ್ಲೇ, ಉದ್ಧರಣ ಚಿಹ್ನೆ ಹಾಕಿ ಬರೆಯುವುದು ಆಸ್ಪತ್ರೆಗಳಲ್ಲಿ ಇರುವ ಪದ್ಧತಿ. ಮುಖ್ಯ ದೂರು ಏನು ಎಂಬ ಜಾಗದಲ್ಲಿ ಡಾಕ್ಟರೂ ಹಾಗೇ ಬರೆದುಕೊಳ್ಳುತ್ತಾರೆ. ಎದೆಯ ಮೇಲೆ ಏನೋ ಭಾರ ಇಟ್ಟ ಹಾಗಿದೆ ಅಂತ ಒಬ್ಬರು ಹೇಳಿದರೆ, ಅದನ್ನು ‘ಪೇಶಂಟ್ ಸೆಡ್ ದಟ್ ಹಿ ಹ್ಯಾಡ್ ಚೆಸ್ಟ್ ಪೇನ್’ ಎಂದು ಬದಲಿಸುವಾಗ ಭಾರ ಹೋಗಿ ನೋವು ಬಂತು. ಡಾಕ್ಟರಿಗೆ ಭಾರ ಎಂಬ ಶಬ್ದವೇ ಬೇಕಾಗಿರಬಹುದು. ನಾನು ಟೀಚರಿಗೆ ಇದನ್ನು ಹೇಳಿದಾಗ ಅವರಿಗೆ ತುಂಬಾ ಖುಷಿಯಾಯಿತು. ಡೈರೆಕ್ಟ್ ಸ್ಪೀಚ್ ಅಂದರೆ ಬದಲಿಸುವುದಕ್ಕೆ ಅಂತಲೇ ಕೊಟ್ಟ ವಾಕ್ಯ ಅಂತ ಮಕ್ಕಳು ತಿಳಿದುಕೊಂಡಿರುತ್ತಾರೆ, ಯಾವಾಗ ಉಳಿಸಿಕೊಳ್ಳಬೇಕು ಅಂತಲೂ ಕಲಿಸಬೇಕು ಅಂದರು.

ಸಮಯದ ಶಬ್ದಗಳು. ನೌ ಹೋಗಿ ದೆನ್, ಟುಡೇ ಹೋಗಿ ದಟ್ ಡೇ, ಯೆಸ್ಟರ್‌ಡೇ ಹೋಗಿ ದ ಪ್ರೀವಿಯಸ್ ಡೇ, ಲಾಸ್ಟ್ ನೈಟ್ ಹೋಗಿ ದ ನೈಟ್ ಬಿಫೋರ್, ಅಗೋ ಹೋಗಿ ಬಿಫೋರ್. ಇವನ್ನು ಬಾಯಿಪಾಠ ಮಾಡಿದರೂ ನಡೆಯುತ್ತದೆ. ಮಾತು ಆಡಿದ ದಿನವೇ, ಅದೇ ಜಾಗದಲ್ಲಿ ನಿಂತು ಹೇಳುವುದಾದರೆ ಬದಲಿಸಬೇಕಾಗಿಲ್ಲ ಎಂಬುದನ್ನೂ ನೆನಪಿಡಬೇಕು. ರಿಜಿಸ್ಟರಿನಲ್ಲಿ ಮಾತ್ರ ನಾನು ಟುಮಾರೋ ಕೂಡ ಬರೆಯುವುದಿಲ್ಲ, ದ ನೆಕ್ಸ್ಟ್ ಡೇ ಕೂಡ ಬರೆಯುವುದಿಲ್ಲ. ತಾರೀಕು ಮತ್ತು ಗಂಟೆ ಬರೆಯುತ್ತೇನೆ. ನಡುರಾತ್ರಿಯ ಫೋನಿಗೆ ಬೇರೆ ಮದ್ದಿಲ್ಲ.

ಕೊನೆಯ ತಿಂಗಳಲ್ಲಿ ಟೀಚರ್ ಬಿಡಿ ವಾಕ್ಯ ಬಿಟ್ಟು ಪೂರ್ತಿ ಸಂಭಾಷಣೆ ಕೊಡಲು ಶುರುಮಾಡಿದರು. ನನ್ನ ಕೆಲಸದ್ದೇ ಒಂದು ಬರೆದು ತಾ ಅಂದರು. ನಾನು ತೆಗೆದುಕೊಂಡು ಹೋದದ್ದು ಇದು. ಡಾಕ್ಟರ್: ‘ಹ್ಯಾಸ್ ದ ಪೇಶಂಟ್ ಇನ್ ರೂಮ್ ಫೋರ್ ಈಟನ್ ಎನಿಥಿಂಗ್?’ ನಾನು: ‘ನೋ, ಸರ್. ಹಿ ಹ್ಯಾಡ್ ಟೀ ಲಾಸ್ಟ್ ನೈಟ್.’ ಡಾಕ್ಟರ್: ‘ಡೋಂಟ್ ಗಿವ್ ಹಿಮ್ ಎನಿಥಿಂಗ್ ನೌ. ಐ ವಿಲ್ ಕಮ್ ಅಟ್ ನೈನ್. ವೇರ್ ಆರ್ ಯೆಸ್ಟರ್‌ಡೇಸ್ ರಿಪೋರ್ಟ್ಸ್?’

ಪರೀಕ್ಷೆಯ ಉತ್ತರ ಹೀಗಾಯಿತು. ‘ದ ಡಾಕ್ಟರ್ ಆಸ್ಕ್ಡ್ ವೆದರ್ ದ ಪೇಶಂಟ್ ಇನ್ ರೂಮ್ ಫೋರ್ ಹ್ಯಾಡ್ ಈಟನ್ ಎನಿಥಿಂಗ್. ದ ರಿಸೆಪ್ಷನಿಸ್ಟ್ ರೆಸ್ಪೆಕ್ಟ್‌ಫುಲಿ ರಿಪ್ಲೈಡ್ ಇನ್ ದ ನೆಗೆಟಿವ್ ಅಂಡ್ ಆ್ಯಡೆಡ್ ದಟ್ ಹಿ ಹ್ಯಾಡ್ ಹ್ಯಾಡ್ ಟೀ ದ ನೈಟ್ ಬಿಫೋರ್. ದ ಡಾಕ್ಟರ್ ಟೋಲ್ಡ್ ಹರ್ ನಾಟ್ ಟು ಗಿವ್ ಹಿಮ್ ಎನಿಥಿಂಗ್ ದೆನ್ ಅಂಡ್ ಸೆಡ್ ದಟ್ ಹಿ ವುಡ್ ಕಮ್ ಅಟ್ ನೈನ್. ಹಿ ಆಸ್ಕ್ಡ್ ವೇರ್ ದ ಪ್ರೀವಿಯಸ್ ಡೇಸ್ ರಿಪೋರ್ಟ್ಸ್ ವರ್.’ ಹ್ಯಾಡ್ ಹ್ಯಾಡ್ ನೋಡಿ ಹೆಬ್ರಿಯ ಹುಡುಗ ಎರಡು ಸಲ ಬಂದಿದೆ ಅಂತ ಕಾಟು ಹೊಡೆಯಲು ಹೊರಟ. ಅದು ಸರಿಯಾಗಿಯೇ ಇದೆ. ಚಹಾ ಕುಡಿದದ್ದು ಹ್ಯಾಡ್, ಅದು ಒಂದು ಹೆಜ್ಜೆ ಹಿಂದೆ ಹೋದಾಗ ಇನ್ನೊಂದು ಹ್ಯಾಡ್ ಜೊತೆಗೆ ಬರುತ್ತದೆ. ನೋ, ಸರ್ ಎಂಬುದರಲ್ಲಿ ಸರ್ ಹೋಗಿ ರೆಸ್ಪೆಕ್ಟ್‌ಫುಲಿ ಬರುವುದು, ನೋ ಹೋಗಿ ಇನ್ ದ ನೆಗೆಟಿವ್ ಬರುವುದು ನಮ್ಮ ಶಾಲೆಗಳ ರೂಢಿ.

ಅದೇ ಮಾತು ರಿಜಿಸ್ಟರಿನಲ್ಲಿ ಬೇರೆ ರೂಪದಲ್ಲಿರುತ್ತದೆ. ತಾರೀಕು, ಬೆಳಿಗ್ಗೆ 7.10. ರೂಮ್ 4ರ ಪೇಶಂಟ್ ಏನಾದರೂ ತಿಂದಿದ್ದಾರಾ ಅಂತ ಡಾಕ್ಟರ್ ಕೇಳಿದರು. ಇಲ್ಲ, ಹಿಂದಿನ ರಾತ್ರಿ 9ಕ್ಕೆ ಚಹಾ ಮಾತ್ರ ಅಂತ ತಿಳಿಸಲಾಗಿದೆ. ಎನ್‌ಬಿಎಂ. ಡಾಕ್ಟರ್ ಇವತ್ತು 9ಕ್ಕೆ ಬರುತ್ತಾರೆ. ಹಿಂದಿನ ದಿನದ ರಿಪೋರ್ಟ್ ತೆಗೆದಿಡಬೇಕು. ಇಷ್ಟನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಎನ್‌ಬಿಎಂ ಅಂದರೆ ನಿಲ್ ಬೈ ಮೌತ್, ಬಾಯಿಗೆ ಏನೂ ಕೊಡಬಾರದು. ಆ ಮೂರು ಅಕ್ಷರ ಕಂಡರೆ ಯಾರೂ ನೀರು ಕೂಡ ಕೊಡುವುದಿಲ್ಲ. ಪರೀಕ್ಷೆಯ ಉತ್ತರ ಚೆನ್ನಾಗಿ ಬರೆಯಲು ಬಂದ ಮೇಲೆಯೇ ಈ ನಾಲ್ಕು ಸಾಲನ್ನು ಧೈರ್ಯದಿಂದ ಬರೆಯಲು ಬಂತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಆಗಲೇ ತಿಳಿಯುವುದು.

ಈಗ ಇಫ್ ವಾಕ್ಯಗಳನ್ನು ಹಿಡಿದಿದ್ದೇವೆ. ‘ಇಫ್ ಐ ವರ್ ಯು, ಐ ವುಡ್ ಟೇಕ್ ಎ ಸೆಕೆಂಡ್ ಒಪೀನಿಯನ್’ ಎಂಬ ಮಾತಿನಲ್ಲಿ ವರ್, ವುಡ್ ಎರಡೂ ಅಲುಗುವುದಿಲ್ಲ. ಅಲ್ಲಿ ವರ್ ಇರುವುದು ಹಿಂದಿನ ಕಾಲ ತೋರಿಸಲು ಅಲ್ಲ, ಹಾಗೆ ಇಲ್ಲ ಅಂತ ತೋರಿಸಲು. ‘ಹಿ ಸೆಡ್ ದಟ್ ಇಫ್ ಹಿ ವರ್ ಮಿ, ಹಿ ವುಡ್ ಟೇಕ್ ಎ ಸೆಕೆಂಡ್ ಒಪೀನಿಯನ್’ ಅಂತ ಯಾರು ಎಂಬುದು ಮಾತ್ರ ಬದಲಾಗುತ್ತದೆ. ಮುಂದಿನ ಭಾನುವಾರಕ್ಕೆ ಇಂಥವನ್ನು ಹುಡುಕಿ ತರಲು ಟೀಚರ್ ಹೇಳಿದ್ದಾರೆ. ವೇಟಿಂಗ್ ಬೆಂಚಿನ ಮೇಲೆ ಕೂತ ಸಂಬಂಧಿಕರ ಬಾಯಲ್ಲಿ ‘ನಾನು ನಿಮ್ಮ ಜಾಗದಲ್ಲಿದ್ದರೆ’ ಎಂಬ ಮಾತು ಆಗಾಗ ಬರುತ್ತದೆ. ಕೇಳಿದಾಗೆಲ್ಲ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಿದ್ದೇನೆ.